ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಏಕೆ? ತಿಂದರೆ ಕ್ಯಾನ್ಸರ್ ಬರುತ್ತದೆಯೇ?

"ಕ್ಯಾಟ್‌ಫಿಶ್ ತಿಂದರೆ ಕ್ಯಾನ್ಸರ್ ಬರುತ್ತದಂತೆ, ಅದಕ್ಕೇ ಸರ್ಕಾರ ನಿಷೇಧಿಸಿದೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದರಲ್ಲಿ ಅರ್ಧ ಮಾತ್ರ ನಿಜ. ಭಾರತದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಿಂದ ನಿಷೇಧವಿದೆ. ಆದರೆ ಅದರ ಮುಖ್ಯ ಕಾರಣ ಕ್ಯಾನ್ಸರ್ ಅಲ್ಲ, ನಮ್ಮ ನದಿ-ಕೆರೆಗಳು.

ಇದು ಎಂಥ ಮೀನು?

ಇದರ ವೈಜ್ಞಾನಿಕ ಹೆಸರು ಕ್ಲೇರಿಯಸ್ ಗ್ಯಾರಿಪಿನಸ್. ದಕ್ಷಿಣ ಆಫ್ರಿಕಾದ ಆರೆಂಜ್ ನದಿಯ ಸ್ಥಳೀಯ ಹೆಸರು ಗ್ಯಾರಿಪ್. ಮೀನಿನ ಹೆಸರು ಬಂದದ್ದು ಅಲ್ಲಿಂದ. ಮೈಮೇಲೆ ಹುರುಪೆಯಿಲ್ಲ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ಒಂದೂವರೆ ಮೀಟರ್‌ಗಿಂತಲೂ ಉದ್ದ ಬೆಳೆಯಬಲ್ಲದು.

ಕಿವಿರುಗಳ ಮೇಲ್ಭಾಗದಲ್ಲಿ ಗಿಡದ ಕವಲುಗಳಂತಿರುವ ಒಂದು ಅಂಗದಿಂದ ಇದು ನೇರವಾಗಿ ಗಾಳಿಯನ್ನು ಉಸಿರಾಡುತ್ತದೆ. ಹೀಗಾಗಿ ಬೇರೆ ಮೀನುಗಳು ಸಾಯುವ ಕೊಳಕು ನೀರಿನಲ್ಲೂ ಬದುಕುತ್ತದೆ. ರಾತ್ರಿ ಹೊತ್ತು ಒದ್ದೆ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ಹೊಂಡ ಸೇರುವುದೂ ಉಂಟು. ಹುಳು, ಕಪ್ಪೆ, ಮೀನು, ಕೊಳೆತ ಮಾಂಸ, ಏನು ಸಿಕ್ಕರೂ ತಿನ್ನುತ್ತದೆ. ಮಳೆಗಾಲದಲ್ಲಿ ಹೊಸ ನೀರು ತುಂಬಿದ ತಗ್ಗುಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ.

ಹಾಸನದವರಿಗೆ ಇದರಿಂದೇನು?

ಹೇಮಾವತಿ ನದಿಗೆ ಗೊರೂರಿನಲ್ಲಿ ಅಣೆಕಟ್ಟೆಯಿದೆ. ಅದರ ನೀರು ಹೊಳೆನರಸೀಪುರ ದಾಟಿ ಕಾವೇರಿ ಸೇರುತ್ತದೆ. ನಾಲೆಯ ನೀರು ಚನ್ನರಾಯಪಟ್ಟಣದ ಕಡೆ ಹರಿದು, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿಗೂ ಹೋಗುತ್ತದೆ. ಅಂದರೆ ಇಲ್ಲಿ ನದಿ, ನಾಲೆ, ಕೆರೆಗಳು ಬೇರೆ ಬೇರೆಯಲ್ಲ. ಒಂದು ಹೊಂಡದಲ್ಲಿ ಕದ್ದು ಸಾಕಿದ ಮೀನು, ಕೆರೆ ಕೋಡಿ ಬಿದ್ದ ದಿನ ಹಳ್ಳಕ್ಕೆ ಇಳಿಯಬಹುದು, ಅಲ್ಲಿಂದ ಹೊಳೆಗೂ ಸೇರಬಹುದು. ದೇಶದ ಬೇರೆಡೆ ಹೀಗೆ ಆಗಿದೆ: ಗಂಗಾ, ಯಮುನಾ, ಗೋದಾವರಿಗಳಲ್ಲಿ ಈ ಮೀನು ಈಗಾಗಲೇ ಸಿಗುತ್ತಿದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಜನ ದೇವರ ಮೀನೆಂದು ಹಿಡಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಕಾವೇರಿಯಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಯಿತು. ಜನರ ಭಕ್ತಿ ಗಾಳ, ಬಲೆಗಳನ್ನು ತಡೆಯಬಹುದು. ನೀರಿನೊಳಗೇ ಬರುವ ಬೇಟೆಗಾರನನ್ನು ತಡೆಯಲಾರದು.

ಹಾಗಾದರೆ ಕ್ಯಾನ್ಸರ್?

ಈ ಮೀನು ಸ್ವಭಾವತಃ ವಿಷವಲ್ಲ. ನೈಜೀರಿಯಾದಲ್ಲಿ ಇದು ಜನಸಾಮಾನ್ಯರ ಊಟ. ಆದರೆ ಚರಂಡಿ ನೀರಿನಲ್ಲಿ, ಕೊಳೆತ ಕೋಳಿ ತ್ಯಾಜ್ಯ ಹಾಕಿ ಬೆಳೆಸಿದರೆ ಸೀಸದಂಥ ಲೋಹಗಳು, ರೋಗಾಣುಗಳು ಮಾಂಸಕ್ಕೆ ಸೇರುವ ಅಪಾಯವಿದೆ. ಅಂಥ ನೀರಿನಲ್ಲಿ ಬೆಳೆದ ಯಾವ ಮೀನಿಗೂ ಈ ಮಾತು ಅನ್ವಯಿಸುತ್ತದೆ.

ನಾವು ಏನು ಮಾಡಬಹುದು?

ಕೃಷಿ ಹೊಂಡಕ್ಕೆ ಮೀನುಮರಿ ಬಿಡುವವರು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ತರಬಹುದು. ಮೀಸೆ ಇರುವ ಮೀನೆಲ್ಲ ಆಫ್ರಿಕಾದ್ದಲ್ಲ, ನಮ್ಮದೇ ಮೀಸೆ ಮೀನುಗಳೂ ಇವೆ. ಅವನ್ನು ಹೆದರಿ ಕೊಲ್ಲಬೇಡಿ. ಆಫ್ರಿಕನ್ ಮೀನು ಸಿಕ್ಕರೆ ಮಾತ್ರ ಕನಿಕರಪಟ್ಟು ಮತ್ತೆ ಕೆರೆಗೆ ಬಿಡಬೇಡಿ. ಒಮ್ಮೆ ಹೊಳೆ ಸೇರಿದ ಮೇಲೆ ಅದನ್ನು ಪೂರ್ತಿ ಹಿಡಿದು ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ.