ದೋಣೀಲಿ ವಾಂತಿ ಮಾಡ್ಕೊಂಡವನು ಪುಕ್ಕಲನಲ್ಲ!

ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಅಂತ ಹೋಗಿದ್ದೆ. ನಾನು ನೀರಿಗಿಳಿಯೋ ಮುಂಚೆಯೇ ಬೆಳಗ್ಗೆ ತಿಂದ ಇಡ್ಲಿ ಸಮುದ್ರಕ್ಕಿಳೀತು :) ಜೊತೆಗಿದ್ದ ಕುಂದಾಪುರದ ಗೆಳೆಯ, "ಬಳ್ಳಾರಿ ಬಿಸಿಲಿನವ್ರಿಗೆ ಸಮುದ್ರ ಯಾಕೆ ಮಾರಾಯ? ಹೆದರಿಕೆ, ಮತ್ತೇನಿಲ್ಲ" ಅಂದ. ನಮ್ಮ ಉಜ್ಜಿನಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ (ಬಿಸಿಲು ಮಾತ್ರ ಬಳ್ಳಾರಿಯದ್ದೇ). ಅದಿರಲಿ, ಆ 'ಹೆದರಿಕೆ' ಅನ್ನೋ ಮಾತನ್ನ ನಾನು ಒಪ್ಪಲ್ಲ.

1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ, ಗ್ಯಾಲೊಡೆಟ್ ಕಾಲೇಜಿನ 11 ಮಂದಿ ಕಿವುಡರನ್ನ ಪ್ರಯೋಗಕ್ಕೆ ಆರಿಸಿಕೊಂಡವು. ಅವರ ಒಳಕಿವಿಯ ಸಮತೋಲನದ ಅಂಗ ಹಾಳಾಗಿತ್ತು. ಒಮ್ಮೆ ನೋವಾ ಸ್ಕೋಶಿಯಾ ಹತ್ತಿರ ಕಡಲು ಎಷ್ಟು ಕೆರಳಿತ್ತು ಅಂದ್ರೆ, ಇವರು ಆರಾಮಾಗಿ ಇಸ್ಪೀಟು ಆಡ್ತಾ ಕೂತಿದ್ರೆ ಪರೀಕ್ಷೆ ಮಾಡಬೇಕಾದ ಸಂಶೋಧಕರಿಗೇ ಸೀ ಸಿಕ್‌ನೆಸ್ ಆಗಿ ಪ್ರಯೋಗ ರದ್ದಾಯ್ತು! ಅಂದ್ರೆ ತೊಂದರೆ ಶುರುವಾಗೋದು ಎದೆಯಲ್ಲೂ ಅಲ್ಲ, ಹೊಟ್ಟೆಯಲ್ಲೂ ಅಲ್ಲ, ಕಿವಿಯಲ್ಲಿ. ಕಿವಿ 'ಅಲ್ಲಾಡ್ತಿದೀವಿ' ಅನ್ನುತ್ತೆ, ಕಣ್ಣು 'ಇಲ್ಲವಲ್ಲ' ಅನ್ನುತ್ತೆ. ಮಿದುಳು ಕಕ್ಕಾಬಿಕ್ಕಿ.

ಡೈವಿಂಗ್‌ಗೆ ಹೋಗೋರ ಕಥೆ ಇನ್ನೂ ಸ್ವಲ್ಪ ಬೇರೆ. ದಡದಿಂದ ಸುಮಾರು 19 ಕಿ.ಮೀ. ದೋಣಿ ಓಡುವಾಗ ನಾನು ಚೆನ್ನಾಗೇ ಇದ್ದೆ. ಕೆಟ್ಟಿದ್ದು ಲಂಗರು ಹಾಕಿದ ಮೇಲೆ. ನಿಂತ ದೋಣಿ ನಿಧಾನಕ್ಕೆ ತೂಗುತ್ತೆ. ಐದು ಸೆಕೆಂಡಿಗೊಮ್ಮೆ ಆಗೋ ಅಂಥ ತೂಗಾಟವೇ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ತೊಳಸೋದು. ಸರಿಯಾಗಿ ಅದೇ ಹೊತ್ತಿಗೆ ನಾವು ತಲೆ ಬಗ್ಗಿಸಿ ಫಿನ್ ಹಾಕ್ಕೋತೀವಿ, ಮಾಸ್ಕ್ ಒರೆಸ್ತೀವಿ, ಗೇಜ್ ಓದ್ತೀವಿ. ಮೇಲೆ ವೆಟ್‌ಸೂಟಿನ ಸೆಕೆ, ಡೀಸೆಲ್ ಹೊಗೆ. ಬಗ್ ಇರೋದು ಇಲ್ಲಿ!

ಇದನ್ನ ಬಿಟ್ಟು 'ಧೈರ್ಯ ಇಲ್ಲ' ಅಂದುಬಿಟ್ರೆ ಏನಾಗುತ್ತೆ? ಜನ ಮುಚ್ಚಿಡ್ತಾರೆ. ಗುಟ್ಟಾಗಿ ಅವೊಮಿನ್ ನುಂಗ್ತಾರೆ. ಬಸ್ಸಲ್ಲಾದ್ರೆ ಅದರ ಮಂಪರಿಗೆ ಕಿಟಕಿಗೆ ಒರಗಿ ಮಲಗಬಹುದು. ಹತ್ತು ಮೀಟರ್ ಆಳದಲ್ಲಿ ಮಂಪರು ಹತ್ತಿದ್ರೆ? ವಾಂತಿ ಬಂದು ಗಾಬರಿಗೆ ಬಾಯಿಂದ ರೆಗ್ಯುಲೇಟರ್ ಕಿತ್ತುಕೊಂಡ್ರೆ ಒಳಗೆ ಹೋಗೋದು ನೀರೇ. ದೋಣಿ ಹೊರಡೋ ಮುಂಚೆ "ಯಾರಿಗಾದ್ರೂ ತಲೆ ಸುತ್ತುತ್ತಾ? ಮಾತ್ರೆ ತಗೊಂಡಿದೀರಾ?" ಅಂತ ಕೇಳಬೇಕು. 'ಇವತ್ತು ಇಳಿಯಲ್ಲ' ಅಂದವನ ದುಡ್ಡು ಮುಳುಗಬಾರದು. ದುಡ್ಡು ಹೋಗುತ್ತಲ್ಲ ಅಂತಲೇ ಎಷ್ಟೋ ಜನ ಇಳಿಯೋದು.

ಎರಡನೇ ಸಲ ಹೋದಾಗ ಲಂಗರು ಬೀಳೋ ಮುಂಚೆಯೇ ಎಲ್ಲಾ ಕಟ್ಟಿಕೊಂಡು, ದೂರದ ದಿಗಂತ ನೋಡ್ತಾ ಕೂತೆ. ಇಡ್ಲಿ ಉಳೀತು (ಒಂದೇ ಟೆಸ್ಟ್ ಕೇಸ್, ಗೊತ್ತು). ಪಕ್ಕದಲ್ಲಿ ಕುಂದಾಪುರದವ ಬಗ್ಗಿ ಫಿನ್ ಜೊತೆ ಗುದ್ದಾಡ್ತಿದ್ದ, ಮುಖ ಬಿಳಿಚಿಕೊಂಡಿತ್ತು. "ತಲೆ ಎತ್ತೋ, ದೂರ ನೋಡು" ಅಂದೆ.