ಕಂಪ್ಯೂಟರಿನ ಕರೆಂಟು, ಇನ್ನೂರು ಯೂನಿಟ್ಟಿನ ಗಡಿ

ಮನೆಯ ಕಂಪ್ಯೂಟರಿನ ವಿದ್ಯುತ್ ಖರ್ಚನ್ನು ಅದರ ಮೈಮೇಲಿನ ಚೀಟಿ ಹೇಳುವುದಿಲ್ಲ. ಒಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದ್ದರೆ ಅದು ಗರಿಷ್ಠ ಎಷ್ಟು ಪೂರೈಸಬಲ್ಲದು ಎಂಬ ಲೆಕ್ಕ ಮಾತ್ರ. ಬರವಣಿಗೆ, ಲೆಕ್ಕಪತ್ರ, ವಿಡಿಯೊ ಕರೆಗಳಿಗೆ ಬಳಸುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡೆಸ್ಕ್‌ಟಾಪ್ ಸಾಮಾನ್ಯವಾಗಿ 40ರಿಂದ 70 ವಾಟ್ ಎಳೆಯುತ್ತದೆ. 22 ಇಂಚಿನ ಎಲ್‌ಇಡಿ ಮಾನಿಟರಿಗೆ ಇನ್ನೊಂದು 20–25 ವಾಟ್ ಬೇಕು. ಹಗುರ ಕೆಲಸಕ್ಕೆ ಲ್ಯಾಪ್‌ಟಾಪ್ 15–30 ವಾಟ್‌ನಲ್ಲಿ ಮುಗಿಸುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಆಟದ ಯಂತ್ರ ಮಾತ್ರ ಆಟ ನಡೆಯುವಾಗ 300 ವಾಟ್ ದಾಟುವುದುಂಟು.

ದೆಹಲಿಯಲ್ಲಿ ಈ ಸಣ್ಣ ಸಂಖ್ಯೆಗಳಿಗೆ ಅಳತೆ ಮೀರಿದ ಮಹತ್ವವಿದೆ. 2019ರ ಆಗಸ್ಟ್‌ನಿಂದ ಅಲ್ಲಿ ತಿಂಗಳಿಗೆ 200 ಯೂನಿಟ್‌ವರೆಗಿನ ಗೃಹಬಳಕೆಗೆ ಬಿಲ್ ಸೊನ್ನೆ. 201ರಿಂದ 400ರವರೆಗೆ ಅರ್ಧ ರಿಯಾಯಿತಿ, ಅದೂ 800 ರೂಪಾಯಿಯ ಮಿತಿಯೊಳಗೆ. 2022ರ ಅಕ್ಟೋಬರ್‌ನಿಂದ ಅರ್ಜಿ ಸಲ್ಲಿಸಿದವರಿಗಷ್ಟೇ ಇದು ಸಿಗುತ್ತದೆ. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಬೇರೆ ಬೇರೆ ಮಿತಿ ಕಟ್ಟಲಾಗಿದೆ. ದೆಹಲಿಯಲ್ಲಿ ಎಲ್ಲರಿಗೂ ಒಂದೇ ಗಡಿ, ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಲೆಕ್ಕ. ಯೂನಿಟ್ಟಿಗೆ ಮೊದಲ 200ಕ್ಕೆ 3 ರೂಪಾಯಿ, ಮುಂದಿನ 200ಕ್ಕೆ 4.50 ರೂಪಾಯಿಯಂತೆ 215 ಯೂನಿಟ್ ಬಳಸಿದ ಮನೆಯ ವಿದ್ಯುತ್ ಶುಲ್ಕವೇ 667.50 ರೂಪಾಯಿ. ಅರ್ಧವನ್ನು ಸರ್ಕಾರ ಕಟ್ಟಿದರೂ ಉಳಿದದ್ದು 300 ರೂಪಾಯಿಗೂ ಹೆಚ್ಚು, ನಿಗದಿತ ಶುಲ್ಕ ಮತ್ತು ಸರ್ಚಾರ್ಜ್ ಬೇರೆ. 100 ವಾಟ್‌ನ ಡೆಸ್ಕ್‌ಟಾಪ್ ದಿನಕ್ಕೆ 8 ಗಂಟೆಯಂತೆ 25 ದಿನ ನಡೆದರೆ 20 ಯೂನಿಟ್. ಗಡಿಯ ಅಂಚಿನಲ್ಲಿರುವ ಮನೆಯನ್ನು ಆಚೆಗೆ ದಾಟಿಸಲು ಅಷ್ಟು ಸಾಕು. ದೆಹಲಿಯ ಪಕ್ಕದ ನೋಯ್ಡಾ, ಗುರುಗ್ರಾಮಗಳಲ್ಲಿ ಈ ಸೊನ್ನೆ ಬಿಲ್ ಇಲ್ಲ. ಅಲ್ಲಿನ ಅನೇಕ ಬಹುಮಹಡಿ ಸೊಸೈಟಿಗಳಲ್ಲಿ ಕರೆಂಟು ಹೋದಾಗ ಡೀಸೆಲ್ ಜನರೇಟರಿನ ಯೂನಿಟ್ ಬೇರೆಯಾಗಿ, ಬಹಳ ಹೆಚ್ಚಿನ ದರದಲ್ಲಿ ಲೆಕ್ಕಕ್ಕೆ ಬರುತ್ತದೆ.

ಅಳೆಯಲು ಹೊಸ ಉಪಕರಣ ಕೊಳ್ಳಲೇಬೇಕೆಂದಿಲ್ಲ. ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಬಾರಿ ಮಿನುಗುತ್ತದೆಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದರೆ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಬೇಕು, ವಾಟ್ ಸಿಗುತ್ತದೆ. ಫ್ರಿಜ್, ಫ್ಯಾನ್, ದೀಪ, ಇನ್ವರ್ಟರ್ ಎಲ್ಲವನ್ನೂ ಆರಿಸಿ ಕಂಪ್ಯೂಟರ್ ಒಂದನ್ನೇ ಉಳಿಸಿ ಹತ್ತು ಮಿನುಗುಗಳಿಗೆ ಹಿಡಿದ ಸಮಯ ನೋಡುವುದು ಕ್ರಮ. 125 ಸೆಕೆಂಡು ಹಿಡಿದರೆ ಒಂದಕ್ಕೆ 12.5 ಸೆಕೆಂಡು, ಅಂದರೆ 90 ವಾಟ್. ಮೀಟರು ನೆಲಮಹಡಿಯ ಪ್ಯಾನೆಲ್‌ನಲ್ಲಿ ಇರುವ ಫ್ಲಾಟ್‌ಗಳಲ್ಲಿ ಇದಕ್ಕೆ ಇಬ್ಬರು ಬೇಕು. ಅಲ್ಲಿ ಗೋಡೆಯ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಪ್ಲಗ್ ಮೀಟರು ಅನುಕೂಲ. ಅದನ್ನು ಒಂದು ವಾರ ಬಿಟ್ಟರೆ ವಾಟ್ ಜೊತೆಗೆ ಒಟ್ಟು ಯೂನಿಟ್ಟನ್ನೂ ತೋರಿಸುತ್ತದೆ, ಬೇಕಾಗಿರುವುದು ಅದೇ. ಎಲೆಕ್ಟ್ರಿಷಿಯನ್‌ಗಳ ಕ್ಲ್ಯಾಂಪ್ ಮೀಟರು ಈ ಕೆಲಸಕ್ಕೆ ನೆಚ್ಚಿಕೆಯದಲ್ಲ. ಅದು ತೋರಿಸುವ ಆಂಪಿಯರನ್ನು 230 ವೋಲ್ಟ್‌ನಿಂದ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್, ವಾಟ್ ಅಲ್ಲ. ಪವರ್ ಫ್ಯಾಕ್ಟರ್ ಸರಿಪಡಿಸುವ ವ್ಯವಸ್ಥೆ ಇಲ್ಲದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಅದು ನಿಜವಾದ ವಾಟ್‌ಗಿಂತ ಬಹಳ ಹೆಚ್ಚು ತೋರಿಸುತ್ತದೆ.

ಹೀಗೆ ಅಳೆದಾಗ ಹೆಚ್ಚಿನ ಮನೆಗಳಲ್ಲಿ ಕಣ್ಣಿಗೆ ಬೀಳುವ ಸಂಗತಿ ಎಂದರೆ, ಕಂಪ್ಯೂಟರ್ ಆರಿಸಿದ ಮೇಲೂ ಮೇಜಿನ ಸುತ್ತ ಹರಿಯುತ್ತಲೇ ಇರುವ ಕರೆಂಟು. ವೋಲ್ಟೇಜ್ ಏರಿಳಿತಕ್ಕೆ ಹೆದರಿ ಇಟ್ಟ 600 ವಿಎ ಯುಪಿಎಸ್ ತನ್ನಷ್ಟಕ್ಕೇ ಒಂದಿಷ್ಟು ವಾಟ್ ನುಂಗುತ್ತದೆ. ರೌಟರ್, ಸ್ಪೀಕರ್, ಸಿದ್ಧಸ್ಥಿತಿಯ ಪ್ರಿಂಟರ್, ನಿದ್ರೆಯಲ್ಲಿರುವ ಮಾನಿಟರ್ ಅದರ ಜೊತೆ ಸೇರುತ್ತವೆ. ಎಲ್ಲ ಕೂಡಿ ಬರೀ 10 ವಾಟ್ ಎಂದಿಟ್ಟುಕೊಂಡರೂ ದಿನದ 24 ಗಂಟೆಯಂತೆ ತಿಂಗಳಿಗೆ 7.2 ಯೂನಿಟ್. ದಿನವೂ ರಾತ್ರಿಯಿಡೀ ಡೌನ್‌ಲೋಡ್‌ಗೆಂದು ಬಿಟ್ಟ 60 ವಾಟ್‌ನ ಯಂತ್ರ ಅದರ ಎರಡರಷ್ಟನ್ನು, 14.4 ಯೂನಿಟ್ಟನ್ನು, ಕೂಡಿಸುತ್ತದೆ.

ಬೇಸಿಗೆಯ ಲೆಕ್ಕ ಇನ್ನೂ ಕಟು. ಕಂಪ್ಯೂಟರು ಬಳಸುವ ಪ್ರತಿ ವಾಟ್ ಕೊನೆಗೆ ಕೋಣೆಯ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಎಸಿ ಮತ್ತೆ ಅದರ ಸುಮಾರು ಮೂರನೇ ಒಂದು ಭಾಗದಷ್ಟು ವಿದ್ಯುತ್ ಬಳಸುತ್ತದೆ; ಮೇಜಿನ ಮೇಲಿನ 90 ವಾಟ್ ಮೇ ತಿಂಗಳಲ್ಲಿ 120 ವಾಟ್‌ಗೆ ಸಮ. 2024ರ ಜೂನ್ 19ರಂದು ದೆಹಲಿಯ ಬೇಡಿಕೆ 8,656 ಮೆಗಾವಾಟ್‌ಗೆ ಏರಿದ್ದು ಇಂಥ ಸೆಖೆಯಲ್ಲೇ. ಆ ವಾರಗಳಲ್ಲಿ ಒಂದೊಂದು ಕೋಣೆಯ ಶಾಖ ಇಳಿದರೂ ನಗರದ ತಂತಿಗಳ ಮೇಲಿನ ಹೊರೆ ಇಳಿಯುತ್ತದೆ.

ಇಳಿಸುವ ದಾರಿಗಳಲ್ಲಿ ಮೊದಲಿನದು ಸೆಟ್ಟಿಂಗ್‌ನದು. ಐದು ನಿಮಿಷಕ್ಕೆ ಪರದೆ ಆರುವಂತೆ, ಹದಿನೈದಕ್ಕೆ ಯಂತ್ರ ಸ್ಲೀಪ್‌ಗೆ ಹೋಗುವಂತೆ ಮಾಡಿದರೆ ನಯಾಪೈಸೆ ಖರ್ಚಿಲ್ಲದೆ ದೊಡ್ಡ ಪಾಲು ಉಳಿಯುತ್ತದೆ. ಸ್ಕ್ರೀನ್‌ಸೇವರ್ ಏನನ್ನೂ ಉಳಿಸುವುದಿಲ್ಲ. ಸ್ಲೀಪ್‌ನಲ್ಲಿ ಡೆಸ್ಕ್‌ಟಾಪ್ ಒಂದರಿಂದ ಮೂರು ವಾಟ್ ಬಳಸುತ್ತದೆ, ಆದರೆ ಕರೆಂಟು ಹೋದರೆ ಉಳಿಸದ ಕೆಲಸ ಅಳಿಸಿಹೋಗುತ್ತದೆ; ರಾಜಧಾನಿ ವಲಯದ ಬೇಸಿಗೆಯಲ್ಲಿ, ಯುಪಿಎಸ್ ಇಲ್ಲದ ಮನೆಯಲ್ಲಿ, ಹೈಬರ್ನೇಟ್ ಕ್ಷೇಮ. ಮಾನಿಟರಿನ ಬೆಳಕನ್ನು ಅರ್ಧಕ್ಕೆ ತಂದರೆ ಕೆಲವು ವಾಟ್ ಉಳಿದು ಕಣ್ಣಿಗೂ ಹಿತ. ರೌಟರನ್ನು ಬಿಟ್ಟು ಉಳಿದ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುವುದು ಎರಡನೆಯ ದಾರಿ.

ವಿದ್ಯುತ್ ಉಳಿಸಲೆಂದೇ ಹೊಸ ಯಂತ್ರ ಕೊಳ್ಳುವುದು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. 100 ವಾಟ್‌ನ ಡೆಸ್ಕ್‌ಟಾಪ್ ಬದಲು 25 ವಾಟ್‌ನ ಲ್ಯಾಪ್‌ಟಾಪ್ ತಂದರೆ ಅದೇ 200 ಗಂಟೆಗೆ 15 ಯೂನಿಟ್ ಉಳಿಯುತ್ತದೆ. 401ರಿಂದ 800 ಯೂನಿಟ್‌ವರೆಗಿನ ಹಂತದ 6.50 ರೂಪಾಯಿಯಂತೆ ಅದು ತಿಂಗಳಿಗೆ ನೂರರ ಒಳಗೆ. 40,000 ರೂಪಾಯಿಯ ಲ್ಯಾಪ್‌ಟಾಪಿನ ಬೆಲೆ ಮರಳಲು ಮೂವತ್ತು ವರ್ಷ ದಾಟುತ್ತದೆ. ಹಳೆಯದು ಕೆಟ್ಟು ನೆಹರೂ ಪ್ಲೇಸ್‌ನ ಕಂಪ್ಯೂಟರ್ ಮಾರುಕಟ್ಟೆಗೆ ಹೋಗಲೇಬೇಕಾದ ದಿನ ಬಂದರೆ ಆಗ ಲ್ಯಾಪ್‌ಟಾಪನ್ನೋ ಮಿನಿ ಪಿಸಿಯನ್ನೋ ಆರಿಸುವುದು ಸರಿ. 2002ರಲ್ಲಿ ಆರಂಭವಾದ ಇಂಧನ ದಕ್ಷತಾ ಬ್ಯೂರೊ ಲ್ಯಾಪ್‌ಟಾಪ್‌ಗಳಿಗೂ ನಕ್ಷತ್ರದ ಲೇಬಲ್ ರೂಪಿಸಿದೆ. ಅದು ಐಚ್ಛಿಕವಾದ್ದರಿಂದ ಎಲ್ಲ ಮಾದರಿಗಳ ಮೇಲೂ ಕಾಣುವುದಿಲ್ಲ. ಡೆಸ್ಕ್‌ಟಾಪನ್ನೇ ಕಟ್ಟಿಸುವವರು ಎಸ್‌ಎಂಪಿಎಸ್ ಮೇಲೆ ದಕ್ಷತೆಯ 80 ಪ್ಲಸ್ ಗುರುತಿದೆಯೇ ಎಂದು ನೋಡಬಹುದು.