ಎನ್‌ಸಿಸಿ ವಾರ್ಷಿಕ ಗುರಿ: ಹಿಂದಿನ ಸಾಲಿನ ಕೆಡೆಟ್ ಲೆಕ್ಕಕ್ಕಿಲ್ಲವೇ?

ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಎನ್‌ಸಿಸಿ ಸೇರ್ಪಡೆಯೂ ಶುರು. ಎಂಟನೇ ಕ್ಲಾಸಿನ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಒಂದೆರಡು ಸುತ್ತು ಓಡಿಸಿ ಆರಿಸುತ್ತಾರೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಇದಕ್ಕೆ ಬೇರೆಯದೇ ಕಳೆ. 1809ರಲ್ಲಿ ಹುಟ್ಟಿದ ಕಂಟೋನ್ಮೆಂಟ್, ಹಲಸೂರು ಕೆರೆ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್, ಆಗಸ್ಟ್ 15ರ ಮಾಣೆಕ್ ಷಾ ಪರೇಡ್ ಮೈದಾನ... ಇಲ್ಲಿನ ಮಕ್ಕಳು ಸೇನೆಯ ಸಮವಸ್ತ್ರವನ್ನು ದಿನಾ ರಸ್ತೆಯಲ್ಲೇ ನೋಡುತ್ತಾ ಬೆಳೆಯುತ್ತಾರೆ.

ಸೇರ್ಪಡೆ ಮುಗಿದ ಮೇಲೆ ವರ್ಷದ ಗುರಿಗಳ ಪಟ್ಟಿ ತಯಾರಾಗುತ್ತೆ. ಸ್ವಾತಂತ್ರ್ಯೋತ್ಸವ ಪಥಸಂಚಲನಕ್ಕೆ ತಂಡ, ಡ್ರಿಲ್ ಸ್ಪರ್ಧೆಯಲ್ಲಿ ಬಹುಮಾನ, ಸಾಧ್ಯವಾದರೆ ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೆ ಒಬ್ಬ ಕೆಡೆಟ್. ತಪ್ಪೇನಿಲ್ಲ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇಡೀ ತಂಡದಲ್ಲಿ ಇದು ಅನ್ವಯಿಸುವುದು ಮುಂದಿನ ಸಾಲಿನ ಐದಾರು ಮಕ್ಕಳಿಗೆ ಮಾತ್ರ. ಉಳಿದವರಿಗೆ ಈ ವರ್ಷದ ಗುರಿ ಏನು?

ಯಾರೂ ಕೇಳದ ಸಂಖ್ಯೆ

ಶಾಲಾ ಹಂತದ ಎನ್‌ಸಿಸಿ ಎರಡು ವರ್ಷದ್ದು. ಪರೇಡಿಗೆ ಶೇ 75 ಹಾಜರಾತಿ ಇರಬೇಕು, ಒಂದು ವಾರ್ಷಿಕ ಶಿಬಿರಕ್ಕೆ ಹೋಗಿರಬೇಕು. ಆಗ 'ಎ' ಸರ್ಟಿಫಿಕೇಟ್ ಪರೀಕ್ಷೆ ಬರೆಯಬಹುದು. ಎಂಜಿನಿಯರಿಂಗ್ ಓದುವಾಗ ಕಾರ್ಖಾನೆ ನೋಡಲು ಹೋದರೆ ಮೊದಲು ಕೇಳುತ್ತಿದ್ದ ಪ್ರಶ್ನೆ: ಒಳಗೆ ಎಷ್ಟು ಹೋಯಿತು, ಸರಿಯಾಗಿ ಹೊರಗೆ ಎಷ್ಟು ಬಂತು? ಇಲ್ಲಿಯೂ ಅದನ್ನೇ ಕೇಳಬೇಕು. ಎಂಟನೇ ಕ್ಲಾಸಿನಲ್ಲಿ ಸೇರಿದವರಲ್ಲಿ ಎಷ್ಟು ಮಕ್ಕಳು ಒಂಬತ್ತರ ಕೊನೆಗೆ ಪರೀಕ್ಷೆಗೆ ಕೂತರು? ಸಾಮಾನ್ಯವಾಗಿ ವಾರ್ಷಿಕೋತ್ಸವದ ವರದಿಯಲ್ಲಿ ಪದಕದ ಲೆಕ್ಕ ಇರುತ್ತೆ, ಈ ಲೆಕ್ಕ ಇರುವುದಿಲ್ಲ.

ನಾನೂ ಕೆಡೆಟ್ ಆಗಿದ್ದವನೇ. ಬೆಲ್ಟಿನ ಹಿತ್ತಾಳೆ ಬಕಲ್ಲಿಗೆ ಬ್ರಾಸೋ ಉಜ್ಜಿದ್ದು, ಪರೇಡ್ ಮುಗಿದ ಮೇಲಿನ ಇಡ್ಲಿ-ವಡೆ, ಎರಡೂ ಚೆನ್ನಾಗಿ ನೆನಪಿವೆ. ನಕ್ಷೆ ಓದಿದ್ದು ಮಾತ್ರ ನೆನಪಿಲ್ಲ, ಸಿಲೆಬಸ್‌ನಲ್ಲಿ ಅದೂ ಇತ್ತು. ಸಾಲಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಹುಡುಗ ದಸರಾ ರಜೆ ಮುಗಿದ ಮೇಲೆ ಪರೇಡಿಗೆ ಬರಲೇ ಇಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಾರಣಗಳು ಊಹಿಸಲಾಗದಂಥವೇನಲ್ಲ. ಶಿವಾಜಿನಗರದ ಮಾರ್ಕೆಟ್ ಬೀದಿಯ ಹುಡುಗನಿಗೆ ಶನಿವಾರ ಅಪ್ಪನ ಅಂಗಡಿಯಲ್ಲಿ ಕೆಲಸ. ಕೆ.ಆರ್. ಪುರದ ಹುಡುಗನಿಗೆ ಟ್ಯೂಷನ್. ಹುಡುಗಿಯರನ್ನು ಹತ್ತು ದಿನದ ಶಿಬಿರಕ್ಕೆ ಕಳಿಸಲು ಮನೆಯಲ್ಲಿ ಒಪ್ಪುವುದಿಲ್ಲ. ಇವ್ಯಾವುದೂ ಅಶಿಸ್ತಲ್ಲ. ಆದರೂ ರಿಜಿಸ್ಟರಿನಲ್ಲಿ ಎಲ್ಲವೂ ಒಂದೇ 'ಗೈರು'.

ಸಂಖ್ಯೆಯ ಹಿಂದೆ ಬಿದ್ದಾಗ

ಎನ್‌ಸಿಸಿಗೆ ಈ ಪಾಠ ಹೊಸದಲ್ಲ. ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಅದನ್ನು ಕಡ್ಡಾಯ ಮಾಡಲಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಈಗ ಇನ್ನೊಂದು ದೊಡ್ಡ ಸಂಖ್ಯೆ ಮುಂದಿದೆ. 1948ರಲ್ಲಿ 20 ಸಾವಿರ ಕೆಡೆಟ್‌ಗಳಿಂದ ಆರಂಭವಾದ ಸಂಸ್ಥೆಗೆ 2024ರ ಜುಲೈನಲ್ಲಿ ಕೇಂದ್ರ ಇನ್ನೂ 3 ಲಕ್ಷ ಸ್ಥಾನಗಳನ್ನು ಮಂಜೂರು ಮಾಡಿತು. ಒಟ್ಟು ಮಂಜೂರಾತಿ 20 ಲಕ್ಷ. ಮಾಜಿ ಸೈನಿಕರನ್ನು ತರಬೇತುದಾರರಾಗಿ ತೆಗೆದುಕೊಳ್ಳುವ ಯೋಜನೆಯೂ ಇದೆ, ಒಳ್ಳೇದೇ. ಆದರೆ ಶಾಲೆಯಲ್ಲಿ ಹೊಣೆ ಹೊರುವುದು ಒಬ್ಬ ಮೇಷ್ಟ್ರು ಅಥವಾ ಮೇಡಂ. ಎನ್‌ಸಿಸಿಯ ಜತೆಗೆ ಅವರು ತಮ್ಮ ವಿಷಯದ ಪಾಠವನ್ನೂ ಮುಗಿಸಬೇಕು. ಅಂಥವರ ಕೈಗೆ ಬರೀ ಪದಕದ ಗುರಿ ಕೊಟ್ಟರೆ, ಇರುವ ಸ್ವಲ್ಪ ಸಮಯ ಎಲ್ಲಿ ಹೋಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಸೇನೆಗೆ ಎಷ್ಟು ಜನ ಸೇರಿದರು ಅನ್ನುವುದೂ ಶಾಲೆಯ ಅಳತೆಗೋಲಾಗದು. ಕೆಡೆಟ್ ಆದ ಮಾತ್ರಕ್ಕೆ ಯಾರೂ ಸೇನೆಗೆ ಸೇರಲೇಬೇಕೆಂದಿಲ್ಲ ಎಂದು 1948ರ ಎನ್‌ಸಿಸಿ ಕಾಯ್ದೆಯೇ ಹೇಳುತ್ತದೆ.

ಹಾಗಾದರೆ ಗುರಿ ಯಾವುದು?

ಮೊದಲನೆಯದು, ಸೇರಿದ ಹತ್ತು ಮಕ್ಕಳಲ್ಲಿ ಒಂಬತ್ತು ಜನ 'ಎ' ಪರೀಕ್ಷೆಗೆ ಕೂರಬೇಕು. ಸತತ ಎರಡು ಪರೇಡ್ ತಪ್ಪಿಸಿದರೆ ಮನೆಗೆ ಫೋನ್ ಹೋಗಬೇಕು, ಬೈಯಲಿಕ್ಕಲ್ಲ, ಕಾರಣ ಕೇಳಲಿಕ್ಕೆ. ಶಿಬಿರದ ವಿಷಯ ಪೋಷಕರಿಗೆ ಸೇರ್ಪಡೆಯ ದಿನವೇ ಗೊತ್ತಾಗಬೇಕು. ಹೊರಡುವ ವಾರ ಹೇಳಿದರೆ ಬರುವ ಉತ್ತರ 'ಬೇಡ' ಅಂತಲೇ.

ಎರಡನೆಯದು, ಡ್ರಿಲ್ ಬಿಟ್ಟು ಬೇರೆ ಎರಡು ವಿದ್ಯೆ ಪ್ರತಿ ಕೆಡೆಟ್‌ಗೂ ಬರಬೇಕು. ಶಾಲೆಯಿಂದ ಹತ್ತಿರದ ಆಸ್ಪತ್ರೆಗೆ ದಾರಿಯ ನಕ್ಷೆ ತಾನೇ ಬರೆಯುವುದು. ಬಿದ್ದವರಿಗೆ ಪ್ರಥಮ ಚಿಕಿತ್ಸೆ ಮಾಡುವುದು. ಹಳೆ ಮದ್ರಾಸ್ ರಸ್ತೆ ದಾಟಿ ಶಾಲೆಗೆ ಬರುವ ಮಕ್ಕಳಿಗೆ ಇವು ಯಾವತ್ತಾದರೂ ಬೇಕಾದೀತು.

ಮೂರನೆಯದು, ಪ್ರತಿ ಕೆಡೆಟ್ ತನ್ನದೇ ಒಂದು ಗುರಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ನಿಲ್ಲದೆ ಎರಡು ಕಿಲೋಮೀಟರ್ ಓಡುವುದಿರಬಹುದು, ಕ್ಲಾಸಿನ ಮುಂದೆ ಹೆದರದೆ ಮೂರು ನಿಮಿಷ ಮಾತಾಡುವುದಿರಬಹುದು. ಡಿಸೆಂಬರಿನಲ್ಲಿ ಒಮ್ಮೆ ತೆಗೆದು ನೋಡಿ. ಆಗದಿದ್ದರೆ ಗುರಿ ಬದಲಿಸಿ, ಮಗುವನ್ನು ಬಿಡಬೇಡಿ.

ಸ್ಪರ್ಧೆ ಇಲ್ಲದಿದ್ದರೆ ಮಕ್ಕಳಲ್ಲಿ ಹುರುಪೇ ಇರಲ್ಲ ಎಂದು ಕೆಲವು ಶಿಕ್ಷಕರು ಹೇಳಬಹುದು. ನಿಜ. ದೆಹಲಿಯ ಕರ್ತವ್ಯ ಪಥದಲ್ಲಿ ನಡೆಯುವ ಕನಸು ಸಣ್ಣದೇನಲ್ಲ, ಅದು ಪಟ್ಟಿಯಲ್ಲಿರಲಿ. ಆದರೆ ದೆಹಲಿಗೆ ಯಾರು ಹೋಗುತ್ತಾರೆ ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಶಾಲೆ ಅಲ್ಲ. ಬರದೇ ಹೋದ ಹುಡುಗನ ಮನೆಗೆ ಫೋನ್ ಮಾಡುವುದು ಮಾತ್ರ ಪೂರ್ತಿ ಶಾಲೆಯ ಕೈಯಲ್ಲೇ ಇದೆ.

ನವೆಂಬರಿನ ನಾಲ್ಕನೇ ಭಾನುವಾರ ಎನ್‌ಸಿಸಿ ದಿನ. ಆ ಹೊತ್ತಿಗೆ ಪದಕಗಳ ಜತೆ ಇನ್ನೆರಡು ಸಂಖ್ಯೆಯನ್ನೂ ಹೆಡ್‌ಮಾಸ್ಟರು ವೇದಿಕೆಯಲ್ಲಿ ಓದಲಿ: ಸೇರಿದವರು ಎಷ್ಟು, ಇನ್ನೂ ಸಾಲಿನಲ್ಲಿ ನಿಂತಿರುವವರು ಎಷ್ಟು.